ದೊಡ್ಡಣ್ಣನ ಎಡಗಡೆ

ಹಲ್ಲು ಕೀಳಿಸಿಕೊಳ್ಳಲು ಒಂದು ದಿನ ರಜೆ ಹಾಕಿದರೆ ಇಷ್ಟೆಲ್ಲ ಆಗುತ್ತದೆಂದು ಗೊತ್ತಿದ್ದಿದ್ದರೆ ಬಾಗಿಲಕ್ಕ ಆ ಹುಳುಕು ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ನರಳುತ್ತಿದ್ದಳೇ ಹೊರತು ರಜೆಯ ಮಾತೆತ್ತುತ್ತಿರಲಿಲ್ಲ.

ಬಾಗಿಲಕ್ಕ ಎಂದು ಅವಳಿಗೆ ಹೆಸರಿಟ್ಟವರು ಶಾಲೆಯ ಮಕ್ಕಳು. ಮೂರನೇ ನಂಬರಿನ ಬಸ್ಸಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿಕೊಂಡವರ ಬೆನ್ನು ಸವರುವುದು, ಜುಟ್ಟು ಹಿಡಿದು ಜಗಳವಾಡುವವರನ್ನು ಬಿಡಿಸುವುದು, ಹದಿನೇಳು ವರ್ಷಗಳಿಂದ ಇದೇ ಅವಳ ಕೆಲಸ. ಬಸ್ಸು ಓಡಿಸುವವನು ಅವಳ ಒಡಹುಟ್ಟಿದ ಅಣ್ಣ. ಅವಳು ಅವನನ್ನು ದೊಡ್ಡಣ್ಣ ಎಂದು ಕರೆಯುವುದನ್ನು ಕೇಳಿ ಕೇಳಿ ಮೇಷ್ಟ್ರುಗಳೂ ದೊಡ್ಡಣ್ಣ ಎಂದರು, ಹೆಡ್‌ಮಿಸ್ಸೂ ದೊಡ್ಡಣ್ಣ ಎಂದರು. ಮಕ್ಕಳಿಗೆ ಮಾತ್ರ ಅವನು ತಾತ. ಅರವತ್ತೇಳು ವರ್ಷವಾದವನನ್ನು ಅವರು ಬೇರೆ ಏನೆಂದು ತಾನೇ ಕರೆದಾರು?

ಎಲ್ಲ ಶಾಲೆಯ ಬಸ್ಸುಗಳಲ್ಲೂ ಇರುವ ಪದ್ಧತಿ ಈ ಶಾಲೆಯಲ್ಲೂ ಇದೆ. ಮಕ್ಕಳು ಹತ್ತಿಯೋ ಇಳಿದೋ ಆದಮೇಲೆ ಬಾಗಿಲಲ್ಲಿ ನಿಂತವರು ಬಾಗಿಲು ಎಳೆದುಕೊಂಡು ತಗಡಿಗೆ ಎರಡು ಸಲ ತಟ್ಟುತ್ತಾರೆ. ಬಾಗಿಲು ಭದ್ರವಾಗಿದೆ, ಎಲ್ಲರೂ ಕೂತಿದ್ದಾರೆ ಎಂದರ್ಥ. ಆಮೇಲೆ ಡ್ರೈವರು ಎಡಗನ್ನಡಿ, ಬಲಗನ್ನಡಿ ನೋಡಿಕೊಂಡು ಗಾಡಿ ಬಿಡಬೇಕು. ಹೊಸದಾಗಿ ಬಂದವರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತಾರೆ.

ಮೂರನೇ ನಂಬರಿನಲ್ಲಿ ಮಾತ್ರ ಆರು ವರ್ಷಗಳಿಂದ ಈ ಪದ್ಧತಿ ಬೇರೆಯೇ ಆಗಿತ್ತು. ಅದು ಗೊತ್ತಿದ್ದದ್ದು ಇಬ್ಬರಿಗೇ, ಅಣ್ಣನಿಗೆ ಮತ್ತು ತಂಗಿಗೆ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ದೊಡ್ಡಣ್ಣ ಎಡಕ್ಕೆ ತಿರುಗುವಾಗ ಬಸ್ಸಿನ ಪಕ್ಕೆ ಒಂದು ಕಬ್ಬಿಣದ ಕಂಬಕ್ಕೆ ಉಜ್ಜಿತು. ಆ ಕಂಬ ಅಲ್ಲಿ ನಿನ್ನೆ ಮೊನ್ನೆ ನೆಟ್ಟದ್ದಲ್ಲ. ಅವನು ಗಾಡಿ ನಿಲ್ಲಿಸಿ ಇಳಿದ. ಗೀಚಿದ ಬಣ್ಣವನ್ನು ಅಂಗೈಯಿಂದ ಒರೆಸಿದ, ಒರೆಸಿದರೆ ಹೋಗುತ್ತದೆ ಅನ್ನುವ ಹಾಗೆ. ಆಮೇಲೆ ಬಲಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಕಂಬದ ಕಡೆ ನೋಡಿದ. ಕೈ ತೆಗೆದ. ಮತ್ತೆ ಮುಚ್ಚಿದ. ಬಾಗಿಲಲ್ಲಿ ನಿಂತಿದ್ದ ತಂಗಿ ಅದನ್ನು ನೋಡಿದಳು. ತಂಗಿ ನೋಡಿದ್ದನ್ನು ಅವನೂ ನೋಡಿದ. ಆಮೇಲೆ ಹತ್ತಿ ಗಾಡಿ ಬಿಟ್ಟ.

ಮರುದಿನದಿಂದ ಅವಳು ತಗಡು ತಟ್ಟುವ ಮುಂಚೆ ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಕಣ್ಣಾಡಿಸಲು ಶುರುಮಾಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಎರಡು ತಟ್ಟು. ಎಡಕ್ಕೆ ತಿರುಗುವಾಗ ಒಂದು 'ಹೂಂ'. ಸೈಕಲ್ಲು ಬಂದರೆ 'ಊಹೂಂ'. ದೊಡ್ಡಣ್ಣನೂ ಮೊದಮೊದಲು ಕತ್ತನ್ನು ಪೂರ್ತಿ ಹೊರಳಿಸಿ ಬಲಗಣ್ಣಿಂದಲೇ ಎಡಗನ್ನಡಿ ನೋಡುತ್ತಿದ್ದ. ಬರಬರುತ್ತ ತಂಗಿಯ ತಟ್ಟಿನ ಮೇಲೆ ನಂಬಿಕೆ ಕೂತು ಕತ್ತು ಹೊರಳಿಸುವುದೂ ನಿಂತಿತು. ವರ್ಷಕ್ಕೊಮ್ಮೆ ಆರೋಗ್ಯದ ಪರೀಕ್ಷೆ ಆಗುತ್ತಿತ್ತು. ಅಲ್ಲಿಯವರಿಗೂ ಅವನು ದೊಡ್ಡಣ್ಣನೇ. ಎರಡೂ ಕಣ್ಣು ತೆರೆಸಿಯೇ ಗೋಡೆಯ ಅಕ್ಷರ ಓದಿಸುವರು, ಮುದ್ರೆ ಒತ್ತುವರು, ಮಕ್ಕಳೆಲ್ಲ ಚೆನ್ನಾಗಿದ್ದಾರಾ ಎಂದು ಕೇಳಿ ಕಳಿಸುವರು.

ತಪ್ಪು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಅವಳಿಗೆ ಏಳು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡಿದ್ದರು. ಇಪ್ಪತ್ತರ ಈ ಅಣ್ಣ ಓದು ಬಿಟ್ಟು ಲಾರಿ ಹತ್ತಿದ, ಅವಳನ್ನು ಓದಿಸಿದ, ಮದುವೆ ಮಾಡಿದ. ಅವಳ ಗಂಡ ಸತ್ತಾಗ ಒಂದು ಮಾತೂ ಆಡದೆ ತನ್ನ ಮನೆಯ ನಡುಕೋಣೆ ಖಾಲಿ ಮಾಡಿಕೊಟ್ಟ. ಅಂಥವನಿಗೆ ತಾನು ಒಂದು ಕಣ್ಣಾಗಿದ್ದೇನೆ ಎಂಬ ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು. ಬೆನ್ನ ಹಿಂದೆ ಕೂತ ನಲವತ್ತೊಂದು ಮಕ್ಕಳ ಜೀವ ಆ ಹೆಮ್ಮೆಗೆ ಒತ್ತೆಯಾಗಿದೆ ಅನ್ನುವುದನ್ನು ಅವಳು ಯೋಚಿಸದೆ ಇರುವುದನ್ನು ಕಲಿತಿದ್ದಳು.

ಆರು ವರ್ಷದಲ್ಲೇ ಮೊದಲ ಸಲ ರಜೆ ಹಾಕಿ ಅವಳು ಹಲ್ಲು ಕೀಳಿಸಿಕೊಂಡ ದಿನ ಬಸ್ಸಿನ ಬಾಗಿಲಿಗೆ ಬಂದವಳು ಒಬ್ಬ ಹೊಸ ಹುಡುಗಿ. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಸಂಜೆ ದೊಡ್ಡಣ್ಣ ಎಂದಿನ ಹೊತ್ತಿಗೇ ಮನೆಗೆ ಬಂದ. ಚಪ್ಪಲಿ ಬಿಡುತ್ತ, ನೆಲ ನೋಡಿಕೊಂಡೇ ಹೇಳಿದ.

"ಒಂದು ಮಗು ಬಿತ್ತು. ಏನೂ ಆಗಿಲ್ಲ, ಮೊಣಕೈ ತರಚಿದೆ ಅಷ್ಟೆ."

ಬಾಗಿಲಕ್ಕನ ಕೆನ್ನೆ ಊದಿಕೊಂಡು ಬಾಯಿ ತೆರೆಯಲಾಗುತ್ತಿರಲಿಲ್ಲ. ಬಾಯಿ ತೆರೆಯಲಾಗಿದ್ದರೂ ಅವಳು ಕೇಳುತ್ತಿದ್ದಳೋ ಇಲ್ಲವೋ.

ಕೇಳಬೇಕಾದ್ದೆಲ್ಲ ಮರುದಿನ ಬಸ್ಸುಗಳ ಶೆಡ್ಡಿನಲ್ಲಿ ಕೇಳಿದಳು. ಬಿದ್ದದ್ದು ಬಾಗಿಲಕ್ಕನೇ ಗುಬ್ಬಚ್ಚಿ ಎಂದು ಕರೆಯುತ್ತಿದ್ದ ಒಂದನೇ ಕ್ಲಾಸಿನ ಹುಡುಗಿ, ಆ ಬಸ್ಸಿಗೆಲ್ಲ ಚಿಕ್ಕವಳು. ಮನೆಯ ಮುಂದೆ ಇಳಿದವಳ ನೀರಿನ ಬಾಟಲಿ ಕೈಜಾರಿ ಉರುಳಿ ಮುಂದಿನ ಚಕ್ರದ ಹತ್ತಿರ ಹೋಗಿದೆ. ಅದನ್ನು ಎತ್ತಿಕೊಳ್ಳಲು ಅವಳು ಬಗ್ಗಿದ್ದಾಳೆ. ಹೊಸ ಹುಡುಗಿ ಬಾಗಿಲು ಎಳೆದು ಎರಡು ತಟ್ಟಿದ್ದಾಳೆ. ಬಸ್ಸು ಹೊರಟಿದೆ. ಬಾಟಲಿ ಪಟ್ಟೆಂದು ಒಡೆದ ಸದ್ದಿಗೆ ದೊಡ್ಡಣ್ಣ ಬ್ರೇಕು ಒತ್ತಿದ್ದಾನೆ. ಮಗು ಹಿಂದಕ್ಕೆ ಬಿದ್ದಿತ್ತು. ಚಕ್ರಕ್ಕೂ ಅದರ ಕಾಲಿಗೂ ನಡುವೆ ಒಂದು ಗೇಣು ಜಾಗವಿತ್ತು.

ಹೊಸ ಹುಡುಗಿ ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ಎಷ್ಟು ತೊಳೆದರೂ ಕಣ್ಣಿನ ಕೆಂಪು ಹೋಗಿರಲಿಲ್ಲ.

"ನನ್ನನ್ನ ತೆಗೆದುಹಾಕ್ತಾರಂತೆ ಅಕ್ಕ. ಶನಿವಾರ ಮೀಟಿಂಗ್ ಆದ್ಮೇಲೆ."

"ತಟ್ಟೋ ಮುಂಚೆ ಹೊರಗೆ ಬಗ್ಗಿ ನೋಡಿದ್ಯಾ?" ಬಾಗಿಲಕ್ಕ ಕೇಳಿದಳು. ಕೇಳಿದ ಕೂಡಲೇ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

"ಯಾಕಕ್ಕ ನೋಡ್ಬೇಕು? ಬಾಗಿಲು ಹಾಕಿ ತಟ್ಟು ಅಂದ್ರು, ತಟ್ಟಿದೆ. ಕನ್ನಡಿ ನೋಡೋದು ಡ್ರೈವರ್ ಕೆಲಸ ಅಲ್ವಾ?"

ಇದಕ್ಕಿದ್ದ ಒಂದೇ ಉತ್ತರವನ್ನು ಬಾಗಿಲಕ್ಕ ಆರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅವಳು ಧೈರ್ಯ ಮಾಡಿದಳು. ಅತ್ತಿಗೆ ಒಳಗೆ ಪಾತ್ರೆ ಎತ್ತಿಡುತ್ತಿದ್ದರು.

"ನಾಳೆ ಮೀಟಿಂಗಲ್ಲಿ ನೀನೇ ಹೇಳ್ಬಿಡು ದೊಡ್ಡಣ್ಣ."

"ಏನು ಹೇಳ್ಬೇಕು?"

ಅವಳು ತಟ್ಟೆ ನೋಡಿದಳು. ಅವನು ನೀರು ಕುಡಿದು ಲೋಟ ಕೆಳಗಿಟ್ಟ.

"ಕನ್ನಡಿ ಇತ್ತು, ಯಾರೂ ಕಾಣಲಿಲ್ಲ. ಸೂಪರ್‌ವೈಸರ್‌ಗೂ ಅದನ್ನೇ ಹೇಳಿದೀನಿ."

ಹೇಳಿದ್ದರಲ್ಲಿ ಸುಳ್ಳು ಎಂಬುದು ಎಳ್ಳಷ್ಟೂ ಇರಲಿಲ್ಲ. ಅವಳಿಗೆ ಸಂಕಟವಾದದ್ದೇ ಅದಕ್ಕೆ. ಈ ಅಣ್ಣ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ಈಗ ಸುಳ್ಳು ಹೇಳದೆಯೇ ಒಂದು ಹುಡುಗಿಯ ಅನ್ನ ಕಸಿಯುವ ದಾರಿ ಹುಡುಕಿಕೊಂಡಿದ್ದ. ಅವನ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು. ಅದರ ಹಿಂದೆಯೇ ಅವನಿಲ್ಲದ ಡ್ರೈವರ್ ಸೀಟು ಕಣ್ಣ ಮುಂದೆ ಬಂತು. ಬೆಳಗಾದರೆ ಅವನು ಏನು ಮಾಡುತ್ತಾನೆ? ಯಾವ ಬಾಗಿಲು ನೋಡಿಕೊಂಡು ಕೂರುತ್ತಾನೆ?

ಮೀಟಿಂಗು ಶನಿವಾರ ಬೆಳಿಗ್ಗೆ ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ. ಮಕ್ಕಳ ಬೆಂಚಿನಲ್ಲಿ ಕೂತ ತಂದೆತಾಯಿಯರ ಮೊಣಕಾಲುಗಳು ಡೆಸ್ಕಿಗೆ ತಾಗಿಕೊಂಡು, ದೊಡ್ಡ ದೊಡ್ಡ ಕೆಲಸದಲ್ಲಿರುವವರೂ ಹೋಂವರ್ಕ್ ಮಾಡದೆ ಬಂದವರ ಹಾಗೆ ಕಾಣುತ್ತಿದ್ದರು. ಮೇಜಿನ ಹಿಂದೆ ನಡುವೆ ಹೆಡ್‌ಮಿಸ್ಸು, ಒಂದು ಪಕ್ಕದಲ್ಲಿ ಸೂಪರ್‌ವೈಸರ್. ಅವನ ಪಕ್ಕದ ಕುರ್ಚಿಯಲ್ಲಿ ದೊಡ್ಡಣ್ಣ, ಇಸ್ತ್ರಿ ಮಾಡಿದ ಖಾಕಿ ಅಂಗಿಯಲ್ಲಿ. ಸೂಪರ್‌ವೈಸರ್ ಕೂತದ್ದು ಅವನ ಎಡಕ್ಕೆ. ಕೋಣೆಯ ಹಿಂದೆ ಗೋಡೆಗೆ ಒರಗಿ ಉಳಿದ ಡ್ರೈವರುಗಳು, ಬಾಗಿಲಕ್ಕ, ಹೊಸ ಹುಡುಗಿ ನಿಂತಿದ್ದರು.

ಮಾತು ಶುರುವಾದದ್ದು ವಯಸ್ಸಿನಿಂದ. ಅರವತ್ತು ದಾಟಿದವರ ಕೈಗೆ ಸ್ಕೂಲ್ ಬಸ್ಸು ಕೊಡಲೇಬಾರದು ಎಂದು ಒಬ್ಬ ತಂದೆ ಬರೆದುಕೊಂಡು ಬಂದಿದ್ದ.

"ನನ್ನ ಅಪ್ಪನಿಗೆ ಅರವತ್ತೆಂಟು. ಮನೇಲಿ ಮೆಟ್ಟಿಲು ಇಳಿಯೋಕೆ ನಾನು ಕೈ ಹಿಡೀಬೇಕು. ಅಂಥವರಿಗೆ ನಲವತ್ತು ಮಕ್ಕಳನ್ನ ಒಪ್ಪಿಸ್ತೀವಾ?"

"ನಿಮ್ಮಪ್ಪನ ಕೈಗೆ ಯಾರು ಕೊಟ್ರು ಬಸ್ಸು?" ಹಿಂದಿನ ಬೆಂಚಿನ ಹೆಂಗಸೊಬ್ಬಳು ಕೇಳಿದಳು. "ಐದನೇ ನಂಬರಿನ ಹುಡುಗ ಇದಾನಲ್ಲ, ಇಪ್ಪತ್ತಾರು ವರ್ಷ. ಒಂದು ಕೈಲಿ ಫೋನು, ಒಂದು ಕೈಲಿ ಸ್ಟೇರಿಂಗು. ಅದೇನು ಪರವಾಗಿಲ್ವಾ?"

ಐದನೇ ನಂಬರಿನ ಹುಡುಗ ಗೋಡೆಯ ಮೇಲಿನ ನಕಾಶೆ ಓದತೊಡಗಿದ. ಅವನ ಪಕ್ಕ ಎಪ್ಪತ್ತರ ಇನ್ನೊಬ್ಬ ಡ್ರೈವರು, ಎಲ್ಲರೂ ಸೋಡಾಬುಡ್ಡಿ ಎನ್ನುವವನು, ನಿಂತಿದ್ದ. ಆ ದಪ್ಪ ಕನ್ನಡಕವನ್ನು ಇಡೀ ಶೆಡ್ಡು ಗೇಲಿ ಮಾಡುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ವಯಸ್ಸು ಕೇಳಬೇಡಿ, ಕಣ್ಣು ಕೇಳಿ. ನಾನು ಆರಾರು ತಿಂಗಳಿಗೆ ನನ್ನ ಕೈಯಿಂದಲೇ ದುಡ್ಡು ಹಾಕಿ ಡಾಕ್ಟರ ಹತ್ರ ಹೋಗಿ, ಒಂದೊಂದೇ ಕಣ್ಣು ಮುಚ್ಚಿ ತೋರಿಸಿಕೊಂಡು ಬರ್ತೀನಿ. ಕಾಣದ ದಿನ ನಾನೇ ಇಳೀತೀನಿ."

ಬಾಗಿಲಕ್ಕನಿಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ದೊಡ್ಡಣ್ಣ ಅಲುಗಾಡಲಿಲ್ಲ.

ಆಗ ಮೊದಲ ಬೆಂಚಿನಿಂದ ಗುಬ್ಬಚ್ಚಿಯ ತಾಯಿ ಎದ್ದು ನಿಂತಳು. ಬಟ್ಟೆ ಹೊಲಿಯುವ ಕೆಲಸದವಳು, ಸೀರೆಯ ಮೇಲೆ ದಾರದ ಚೂರುಗಳಿದ್ದವು.

"ಬಿದ್ದಿದ್ದು ನನ್ನ ಮಗು. ಆದ್ರೂ ಹೇಳ್ತೀನಿ, ದೊಡ್ಡಣ್ಣ ಬೇಕು. ಬೇರೆ ಯಾರೇ ಆಗಿದ್ರೂ ಆ ಸದ್ದಿಗೆ ಅಷ್ಟು ಬೇಗ ಬ್ರೇಕ್ ಹಾಕ್ತಿರಲಿಲ್ಲ. ನಾನು ಮಗು ಕಳಿಸೋದು ಅವರ ಮೇಲಿನ ನಂಬಿಕೆಯಿಂದ."

ಕೆಲವರು ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ಅಂತೂ ಗೆದ್ದವನ ಹಾಗೆ ಕಾಗದ ಬಿಚ್ಚಿ ಓದಿದ. ಡ್ರೈವರಿನ ತಪ್ಪಿಲ್ಲ, ಬಾಗಿಲಿನ ಕೆಲಸದವಳ ಅಜಾಗರೂಕತೆ, ಅವಳನ್ನು ಕೆಲಸದಿಂದ ತೆಗೆಯುವುದು, ದೊಡ್ಡಣ್ಣ ಮುಂದುವರಿಯುವುದು. ಹೊಸ ಹುಡುಗಿ ಕಾಗದ ಓದಿ ಮುಗಿಯುವ ಮುಂಚೆಯೇ ತಲೆಯಾಡಿಸಿದಳು, ತನಗೆ ಹೀಗೇ ಆಗಬೇಕು ಎಂಬ ಹಾಗೆ.

ಆ ತಲೆಯಾಡಿಸಿದ್ದನ್ನು ಬಾಗಿಲಕ್ಕನಿಗೆ ನೋಡಲಾಗಲಿಲ್ಲ. ಆ ತಾಯಿಯ ಮಾತನ್ನು ಅರಗಿಸಿಕೊಳ್ಳಲೂ ಆಗಲಿಲ್ಲ.

"ಆ ಹುಡುಗೀದು ತಪ್ಪಿಲ್ಲ," ಎಂದಳು. ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ದೊಡ್ಡಣ್ಣನಿಗೆ ಎಡಗಡೆ ಕಾಣಲ್ಲ. ಆರು ವರ್ಷ ಆಯ್ತು. ನಾನು ಹೊರಗೆ ಬಗ್ಗಿ ನೋಡಿ ತಟ್ಟಿದ್ರೆ ಮಾತ್ರ ಬಸ್ಸು ಬಿಡೋದು. ಆವತ್ತು ನಾನಿರಲಿಲ್ಲ. ಆ ಹುಡುಗಿಗೆ ಇದು ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ."

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಸೂಪರ್‌ವೈಸರ್ ನಕ್ಕ.

"ಅಕ್ಕನಿಗೆ ಆ ಹುಡುಗಿ ಮೇಲೆ ಕರುಣೆ ಬಂದಿದೆ. ಪರವಾಗಿಲ್ಲ. ಡಾಕ್ಟರ್ ಮುದ್ರೆ ಇಲ್ಲೇ ಇದೆ, ಎಲ್ಲಾ ಸರಿಯಾಗಿದೆ. ದೊಡ್ಡಣ್ಣ, ನೀವು ಸಹಿ ಮಾಡಿ, ಮುಗಿಸೋಣ."

ಕಾಗದವನ್ನು ಅವನ ಮುಂದೆ ಸರಿಸಿ, ಸೂಪರ್‌ವೈಸರ್ ಜೇಬಿನಿಂದ ಪೆನ್ನು ತೆಗೆದು ಚಾಚಿದ.

ಪೆನ್ನು ದೊಡ್ಡಣ್ಣನ ಎಡಗಡೆ, ಅವನ ಕೆನ್ನೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ದೊಡ್ಡಣ್ಣ ಮುಂದೆ ನೋಡುತ್ತ ಕೂತಿದ್ದ. ಎರಡೂ ಕೈ ಕಾಗದದ ಮೇಲಿತ್ತು. ಪೆನ್ನಿಗೆ ಕಾಯುತ್ತಿದ್ದ.

'ಎಡಗಡೆ, ದೊಡ್ಡಣ್ಣ' ಎಂಬ ಮಾತು ಬಾಗಿಲಕ್ಕನ ನಾಲಿಗೆಯ ತುದಿಗೆ ಬಂತು. ಆರು ವರ್ಷದ ಅಭ್ಯಾಸ ಅದು, ಉಸಿರಾಟದಂತೆ ತಾನಾಗಿ ಬರುವಂಥದ್ದು. ಅವಳು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಕಿತ್ತ ಹಲ್ಲಿನ ಜಾಗದಿಂದ ಮತ್ತೆ ರಕ್ತ ಒಸರಿ ಬಾಯಿ ಉಪ್ಪಾಯಿತು. ಬೆರಳುಗಳು ಹಿಂದಿನ ಗೋಡೆಯನ್ನು ತಡಕಿದವು. ಹೇಳಿಬಿಟ್ಟರೆ ಅವನು ಉಳಿಯುತ್ತಾನೆ. ಒಂದು 'ಹೂಂ' ಅಂದರೂ ಸಾಕು. ಜಗತ್ತಿನಲ್ಲಿ ಅವಳು ಅತಿ ಹೆಚ್ಚು ಪ್ರೀತಿಸುವ ಮನುಷ್ಯ ಎಲ್ಲರ ಎದುರಿಗೆ ಒಬ್ಬನೇ ಕೂತಿದ್ದ. ಅವಳು ಸುಮ್ಮನೆ ನಿಂತಳು.

ಪೆನ್ನು ಅಲ್ಲೇ ಇತ್ತು. ಮೊದಲು ಗುಬ್ಬಚ್ಚಿಯ ತಾಯಿಗೆ ಗೊತ್ತಾಯಿತು. ಅವಳು ಮೆಲ್ಲಗೆ ಬೆಂಚಿನ ಮೇಲೆ ಕೂತುಬಿಟ್ಟಳು. ಆಮೇಲೆ ಹೆಡ್‌ಮಿಸ್ಸಿಗೆ. ಆಮೇಲೆ ಬೆಂಚಿನಿಂದ ಬೆಂಚಿಗೆ. ಕೊನೆಗೆ ಸೂಪರ್‌ವೈಸರಿನ ಮುಖದ ನಗು ಇಳಿಯಿತು.

"ದೊಡ್ಡಣ್ಣ," ಎಂದ ಅವನು ಸಣ್ಣಗೆ. "ಪೆನ್ನು."

ದೊಡ್ಡಣ್ಣ ಧ್ವನಿ ಬಂದ ಕಡೆಗೆ ಇಡೀ ಕತ್ತನ್ನು ಹೊರಳಿಸಿದ. ಪೆನ್ನು ನೋಡಿದ. ಆಮೇಲೆ ಎದುರಿಗೆ ಕೂತ ಮುಖಗಳನ್ನು ಒಂದೊಂದಾಗಿ ನೋಡಿದ. ಪೆನ್ನು ಎಷ್ಟು ಹೊತ್ತಿನಿಂದ ಅಲ್ಲಿತ್ತು ಎನ್ನುವುದು ಅವನಿಗೆ ಆ ಮುಖಗಳಿಂದ ತಿಳಿಯಿತು. ಕೊನೆಗೆ ಹಿಂದಿನ ಗೋಡೆಯ ಬಳಿ ನಿಂತ ತಂಗಿಯನ್ನು ನೋಡಿದ. ಪೆನ್ನು ತೆಗೆದುಕೊಂಡು, ಮುಚ್ಚಳ ಹಾಕಿ, ಕಾಗದದ ಪಕ್ಕದಲ್ಲಿಟ್ಟ.

"ಆ ಹುಡುಗೀನ ತೆಗೀಬೇಡಿ," ಎಂದು ಹೇಳಿ ಎದ್ದು ಹೊರಗೆ ನಡೆದ.

ಅಲ್ಲಿ ಆಮೇಲೆ ಏನಾಯಿತೆಂದು ಸೋಡಾಬುಡ್ಡಿ ಮರುದಿನ ಮನೆಗೆ ಬಂದು ಹೇಳಿದ. ವಯಸ್ಸಿನ ಮಾತು ಬಿದ್ದುಹೋಯಿತು. ಇಪ್ಪತ್ತಾರರವನಿಂದ ಎಪ್ಪತ್ತರವನವರೆಗೆ ಎಲ್ಲರಿಗೂ ಆರು ತಿಂಗಳಿಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿಸುವುದೆಂದಾಯಿತು. ಬಾಗಿಲಕ್ಕನನ್ನು ಎರಡು ತಿಂಗಳು ಬಸ್ಸು ಹತ್ತಗೊಡಬಾರದೆಂದೂ ಆಯಿತು. ಅದು ಕಡಿಮೆಯೇ ಆಯಿತು ಎಂದು ಅವಳಿಗೆ ಅನ್ನಿಸಿತು.

ಆದರೆ ಅದು ಮರುದಿನದ ಮಾತು. ಆವತ್ತು ಅವಳು ಕೋಣೆಯಿಂದ ಹೊರಗೆ ಓಡಿ ಬಂದಾಗ ದೊಡ್ಡಣ್ಣ ಗೇಟಿನ ಹತ್ತಿರ ನಿಂತಿದ್ದ. ಬೈಯುತ್ತಾನೆ ಎಂದುಕೊಂಡಳು. ಬೈದರೆ ಎದೆ ಹಗುರಾಗುತ್ತದೆ ಎಂದೂ ಅಂದುಕೊಂಡಳು.

"ಇವತ್ತು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದ. "ಆರು ವರ್ಷ ಹೇಳದೆ ಇದ್ಯಲ್ಲ."

"ನೀನೂ ಹೇಳಲಿಲ್ಲ," ಎಂದಳು ಅವಳು. ಹೇಳುವಾಗ ಅಳು ಬಂತು.

"ನಾನು ಹೇಳೋಕೆ ಹೆದರ್ತಿದ್ದೆ. ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಬರಬರುತ್ತ ಎರಡೂ ಬಿಟ್ಟುಬಿಟ್ಟೆ."

ಗೇಟಿನ ಆಚೆ ವಾಹನಗಳು ಹೋಗುತ್ತಿದ್ದವು. ಅವನು ಕತ್ತನ್ನು ಪೂರ್ತಿ ಹೊರಳಿಸಿ ರಸ್ತೆಯ ಎರಡೂ ಕಡೆ ನೋಡಿದ.

"ನಡಿ," ಎಂದ. "ಮಗುವನ್ನ ನೋಡ್ಕೊಂಡು ಬರೋಣ."

ಗುಬ್ಬಚ್ಚಿಯ ಮನೆ ಎರಡನೇ ಮಹಡಿಯಲ್ಲಿತ್ತು. ಅವರು ನಿಧಾನವಾಗಿ ನಡೆದು ತಲುಪುವ ಹೊತ್ತಿಗೆ ತಾಯಿ ಆಗಲೇ ವಾಪಸಾಗಿದ್ದಳು. ಬಾಗಿಲು ತೆರೆದವಳು ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ, ಪಕ್ಕಕ್ಕೆ ಸರಿದು ನಿಂತಳು. ಕೋಣೆಯ ತುಂಬ ಹೊಲಿಗೆ ಯಂತ್ರ, ಕತ್ತರಿಸಿದ ಬಟ್ಟೆ. ನೆಲದ ಮೇಲೆ ಕೂತ ಹುಡುಗಿ ಖಾಲಿ ದಾರದುಂಡೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಮೊಣಕೈಗೆ ಬಿಳಿ ಪಟ್ಟಿ. ದೊಡ್ಡಣ್ಣ ಅವಳ ಎದುರಿಗೆ ಮಂಡಿಯೂರಿ ಕೂರಲು ಬಹಳ ಹೊತ್ತು ತೆಗೆದುಕೊಂಡ.

"ಇನ್ನೂ ಉರಿಯುತ್ತಾ ಮಗಾ?"

"ಸ್ನಾನ ಮಾಡುವಾಗ ಮಾತ್ರ." ಅವಳು ಒಂದು ಉಂಡೆ ಸರಿಪಡಿಸಿದಳು. "ತಾತ, ಸೋಮವಾರ ನೀನೇ ಬರ್ತೀಯಾ?"

"ಇಲ್ಲ."

"ಯಾಕೆ?"

ದೊಡ್ಡಣ್ಣ ಬಾಯಿ ತೆರೆದ, ಮುಚ್ಚಿದ. ಹೆಂಡತಿಗೆ ಹೇಳದ್ದು, ತಂಗಿಗೆ ಹೇಳದ್ದು, ಇವತ್ತು ಅಷ್ಟು ಜನರ ಮುಂದೆಯೂ ತನ್ನ ಬಾಯಿಂದ ಹೇಳದೆ ಎದ್ದು ಬಂದದ್ದು, ಅದನ್ನು ಅವನು ಆರು ವರ್ಷದ ಹುಡುಗಿಗೆ ಹೇಳಿದ.

"ನನಗೆ ಎಡಗಣ್ಣು ಕಾಣಲ್ಲ ಮಗಾ."

ಹುಡುಗಿ ಅವನ ಎಡಗಣ್ಣನ್ನು ನೋಡಿದಳು. ನೋಡಿದರೆ ಅದು ಬಲಗಣ್ಣಿನ ಹಾಗೇ ಇತ್ತು. ಅವಳಿಗೆ ಅದು ಸರಿಹೋಗಲಿಲ್ಲ. ಎದ್ದು ಅವನ ಎಡಗಡೆಗೆ ನಡೆದು, ಭುಜಕ್ಕೆ ತಾಗುವಷ್ಟು ಹತ್ತಿರ ನಿಂತಳು.

"ಇಲ್ಲಿ ಕಾಣಲ್ವಾ?"

"ಇಲ್ಲ."

ಅವನು ಕತ್ತು ಹೊರಳಿಸಲಿಲ್ಲ. ಮುಂದೆ ನೋಡುತ್ತಲೇ ಇದ್ದ.

"ಆವತ್ತು ನಾನು ಇಲ್ಲೇ ಇದ್ದೆ ತಾತ," ಎಂದಳು ಹುಡುಗಿ.